ಹಳೇ ಮನೆ ಮಾರುವ ಮುಂಚೆ ಹೊಸ ಮನೆ ಮೇಲೆ ಸಾಲ

ಬೆಳೆ, ಗೊಬ್ಬರ, ನೀರಿನ ವಿಚಾರ ಬರೆಯುವ ಪತ್ರಿಕೆಯಲ್ಲಿ ಮನೆಸಾಲದ ಕಥೆ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಹದಿಮೂರು ತಿಂಗಳ ಕಾಲ ನನ್ನ ರೇಷ್ಮೆ ಬೆಳೆಯ ಲಾಭವನ್ನೆಲ್ಲ ತಿಂದದ್ದು ಹುಳುವಿನ ರೋಗವಲ್ಲ, ನೀರಿನ ಕೊರತೆಯೂ ಅಲ್ಲ. ಕೈಸಾಲದ ಬಡ್ಡಿ. ಇಂಥ ತಪ್ಪು ಮಾಡುವವನು ನಾನೊಬ್ಬನೇ ಅಲ್ಲ ಎಂದು ಗೊತ್ತಾದ ಮೇಲೆ ಬರೆಯಲು ಕೂತೆ.

ನಮ್ಮೂರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ನನಗಿರುವುದು ಎರಡೂ ಕಾಲು ಎಕರೆ. ಒಂದು ಎಕರೆ ಹಿಪ್ಪುನೇರಳೆ, ಉಳಿದದ್ದರಲ್ಲಿ ರಾಗಿ, ಬದುಗಳಲ್ಲಿ ತೆಂಗು. ಎರಡು ಸೀಮೆಹಸು. ಗೂಡು ರಾಮನಗರದ ಮಾರುಕಟ್ಟೆಗೆ, ಹಾಲು ಊರಿನ ಡೇರಿಗೆ. ಇಷ್ಟೇ ಸಂಸಾರದ ಆಧಾರ.

ಲೆಕ್ಕ ತಪ್ಪಿದ್ದು ಎಲ್ಲಿ

ನಮ್ಮ ಹಳೇ ಮನೆ ಊರೊಳಗಿದೆ. ತಾತ ಕಟ್ಟಿಸಿದ ಹೆಂಚಿನ ಮನೆ. ಹಿತ್ತಲಲ್ಲಿ ದೊಡ್ಡ ಹುಣಸೆ ಮರ. ಪ್ರತಿ ವರ್ಷ ಅದರ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಹಿಕ್ಕೆ ಒಳ್ಳೆ ಗೊಬ್ಬರ, ಆದರೆ ಮನೆಯೊಳಗೆ ಹುಳು ಸಾಕೋಕೆ ಜಾಗ ಸಾಲದು. ಹೀಗಾಗಿ ಗ್ರಾಮಠಾಣಾದ ಅಂಚಿನಲ್ಲಿ, ಹಿಂದೆಯೇ ಕ್ರಯಕ್ಕೆ ತೆಗೆದುಕೊಂಡಿದ್ದ 30×40ರ ಸೈಟಿನಲ್ಲಿ ಹೊಸ ಮನೆ ಕಟ್ಟೋಣ ಅಂತ 2022ರಲ್ಲಿ ಪಾಯ ಹಾಕಿಸಿದೆ.

ಒಟ್ಟು ಖರ್ಚು ಹನ್ನೆರಡು ಲಕ್ಷ. ಎಂಟು ಲಕ್ಷ ಕೂಡಿಟ್ಟದ್ದಿತ್ತು. ತಾರಸಿ ಹಾಕುವ ಹೊತ್ತಿಗೆ ಕೈ ಖಾಲಿ. ನವೆಂಬರ್‌ನಲ್ಲಿ ನಾಲ್ಕು ಲಕ್ಷ ಕೈಸಾಲ ತಂದೆ, ನೂರಕ್ಕೆ ಎರಡು ರೂಪಾಯಿ ಬಡ್ಡಿ. 'ಹಳೇ ಮನೆ ಮಾರಿದರೆ ಎಂಟು ಒಂಬತ್ತು ಲಕ್ಷ ಬರುತ್ತೆ. ನಾಲ್ಕೇ ತಿಂಗಳಲ್ಲಿ ತೀರಿಸಿಬಿಡೋಣ' ಎಂದು ಧೈರ್ಯ. ಬ್ಯಾಂಕಿಗೆ ಹೋಗುವ ಯೋಚನೆಯೇ ಬರಲಿಲ್ಲ. ಅಲೆದಾಟ ಯಾಕೆ ಅಂತ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಆ ದಿನಗಳಲ್ಲಿ ನಮ್ಮ ಕಡೆ ಜಾಗ ಕೇಳಿಕೊಂಡು ಬರುವವರು ಜಾಸ್ತಿ. ಬೆಂಗಳೂರಿನವರೊಬ್ಬರು ಬಂದು ನೋಡಿ, ಒಪ್ಪಿ, ಐವತ್ತು ಸಾವಿರ ಮುಂಗಡ ಕೊಟ್ಟರು. ಅದನ್ನು ಟೈಲ್ಸ್‌ಗೆ ಹಾಕಿದೆ. ಮೇ ತಿಂಗಳಲ್ಲಿ ಗೃಹಪ್ರವೇಶವೂ ಆಯಿತು.

ಆಮೇಲೆ ಅವರ ವಕೀಲರು ಕಾಗದ ಕೇಳಿದರು. ಒಂದೊಂದೇ ಗಂಟು ಬಿಚ್ಚಿಕೊಂಡಿತು.

ಮೊದಲನೆಯದು, ಹಳೇ ಮನೆಯ ಖಾತೆ ಇನ್ನೂ ತಾತನ ಹೆಸರಿನಲ್ಲೇ ಇತ್ತು. ಜಮೀನು ಭಾಗವಾಗಿತ್ತು, ಮನೆ ಭಾಗವಾಗಿರಲಿಲ್ಲ. 'ಮನೆ ನಿಂದೇ ಇರ್ಲಿ' ಅಂತ ಅಪ್ಪ ಇದ್ದಾಗ ಬಾಯಲ್ಲಿ ಹೇಳಿದ್ದಷ್ಟೇ.

ಎರಡನೆಯದು, ಹುಣಸೆ ಮರ. ಅವರಿಗೆ ಮರ ಕಡಿದು ಕಟ್ಟಡ ಎಬ್ಬಿಸುವ ಆಸೆ. ನಮ್ಮೂರು 2007ರಿಂದ ಸಮುದಾಯ ಮೀಸಲು ಪ್ರದೇಶ. ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಕೈ ಹಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಇರಲಿ ಬಿಡಲಿ, ಹಕ್ಕಿ ಕೂರೋ ಮರಕ್ಕೆ ಕೊಡಲಿ ಹಾಕಿದರೆ ಊರು ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದೆ ಇದ್ದದ್ದು ನನ್ನ ತಪ್ಪು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನನಗೆ ಅಕ್ಕ ಒಬ್ಬರು, ತಂಗಿ ಒಬ್ಬಳು, ಬೆಂಗಳೂರಿನಲ್ಲಿ ತಮ್ಮ. ನಾಲ್ಕೂ ಜನರ ಸಹಿ ಬೇಕು ಎಂದರು ವಕೀಲರು.

ಜೂನ್‌ನಲ್ಲಿ ವ್ಯಾಪಾರ ಮುರಿಯಿತು. ಮುಂಗಡ ವಾಪಸ್ ಕೊಡಬೇಕಾಗಿ ಬಂತು. ಒಂದು ಬೆಳೆಯ ಗೂಡಿನ ದುಡ್ಡು ಅದಕ್ಕೇ ಹೋಯಿತು. ಇತ್ತ ಕೈಸಾಲದ ಬಡ್ಡಿ ತಿಂಗಳಿಗೆ ಎಂಟು ಸಾವಿರ ಓಡುತ್ತಲೇ ಇತ್ತು. ಅಸಲು ಇದ್ದಲ್ಲೇ ಇತ್ತು.

ಅಕ್ಕ ಹೇಳಿದ ಮಾತು

ಅಕ್ಕನ ಮನೆ ಮಳವಳ್ಳಿ ಕಡೆ. ಸಹಿ ಕೇಳೋಕೆ ಹೋದೆ. ನನಗೆ ಒಳಗೊಳಗೇ ಸಿಟ್ಟು, ಮದುವೆ ಮಾಡಿ ಕೊಟ್ಟಾಯ್ತಲ್ಲ ಅಂತ. ಅಕ್ಕ ಊಟಕ್ಕೆ ಇಕ್ಕಿ ಆಮೇಲೆ ಅಂದರು: "ನಾನು ಬ್ಯಾಡ ಅಂತೀನೇನಪ್ಪಾ? ಆದ್ರೆ ಮನೆ ಮಾರ್ತಾ ಇದ್ದೀನಿ ಅಂತ ಒಂದ್ ಮಾತು ಮೊದ್ಲೇ ಹೇಳ್ಬಾರ್ದಿತ್ತಾ? ಯಾರೋ ಬಂದು ನೋಡ್ಕೊಂಡು ಓದ್ರು ಅಂತ ಬೇರೆಯವ್ರ ಬಾಯಲ್ಲಿ ಕೇಳ್ದೆ."

ಉತ್ತರ ಹೊಳೆಯಲಿಲ್ಲ. ಹಕ್ಕಿ ನೋಡೋಕೆ ಬಂದವರಿಗೆಲ್ಲ 'ಇವು ಬಾಣಂತನಕ್ಕೆ ತವರಿಗೆ ಬರೋ ಹೆಣ್ಣುಮಕ್ಕಳಿದ್ದಂಗೆ ಕಣ್ರೀ' ಎಂದು ಹೇಳುವವರು ನಾವು. ಮನೇಲಿ ಹುಟ್ಟಿದ ಹೆಣ್ಣುಮಕ್ಕಳನ್ನು ಕೇಳದೆ ತವರನ್ನು ಮಾರಲು ಹೊರಟಿದ್ದೆ.

ಕಾನೂನೂ ಅಕ್ಕನ ಕಡೆಗೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತ್ತು. ಆಗ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರು, ಆಗದವರು ಎಂಬ ಭೇದ ಹೋಯಿತು. ತಂದೆ ಆ ದಿನಕ್ಕೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಹೇಳಿತು. ಹಾಗಾಗಿ ಒಂಬತ್ತು ಲಕ್ಷದ ಮನೆ ಎಂದು ನಾನು ಎಣಿಸಿದ್ದರಲ್ಲಿ ನನ್ನದು ಎರಡೂ ಕಾಲು ಲಕ್ಷ ಮಾತ್ರ. ಅದನ್ನೇ ನಂಬಿ ನಾಲ್ಕು ಲಕ್ಷ ಸಾಲ ಮಾಡಿದ್ದೆ!

ಬ್ಯಾಂಕಿನ ಬಾಗಿಲಲ್ಲಿ

ಹಳೇ ಮನೆ ಬೇಗ ಮಾರಾಟ ಆಗೋದಿಲ್ಲ ಎಂದು ಖಾತ್ರಿಯಾಯಿತು. ಹೊಸ ಮನೆಯನ್ನೇ ಬ್ಯಾಂಕಿಗೆ ಅಡಮಾನ ಇಟ್ಟು ಕೈಸಾಲ ತೀರಿಸುವುದು ಎಂದು ತೀರ್ಮಾನಿಸಿದೆ. ಮೊದಲು ಹೋದ ಶಾಖೆಯಲ್ಲಿ ಐದೇ ನಿಮಿಷದಲ್ಲಿ ಆಗಲ್ಲ ಎಂದರು. ಎರಡನೇ ಬ್ಯಾಂಕಿನ ಅಧಿಕಾರಿ ಕೂರಿಸಿಕೊಂಡು ವಿವರಿಸಿದರು. ಅವರಿಂದ ತಿಳಿದದ್ದನ್ನು ಇಲ್ಲಿ ಕೊಡುತ್ತೇನೆ.

ಮನೆ ಕಟ್ಟೋಕೆ ಸಾಲ ಬೇರೆ, ಕಟ್ಟಿ ಮುಗಿದ ಸ್ವಂತ ಮನೆ ಮೇಲೆ ಸಾಲ ಬೇರೆ. ಮೊದಲನೆಯದು ಮನೆಸಾಲ. ಪಾಯ, ಲಿಂಟಲ್, ತಾರಸಿ ಎಂದು ಕೆಲಸ ಏರಿದ ಹಾಗೆ ಕಂತಿನಲ್ಲಿ ಕೊಡುತ್ತಾರೆ. ಬಡ್ಡಿ ಕಡಿಮೆ. ಮೂವತ್ತು ಲಕ್ಷದೊಳಗಿನ ಮನೆಸಾಲವಾದರೆ ಆಸ್ತಿ ಬೆಲೆಯ ನೂರಕ್ಕೆ ತೊಂಬತ್ತರವರೆಗೂ ಕೊಡಲು ರಿಸರ್ವ್ ಬ್ಯಾಂಕ್ 2015ರಲ್ಲಿ ಅವಕಾಶ ಮಾಡಿದೆ. ಎರಡನೆಯದು ಅಡಮಾನ ಸಾಲ. ಬಡ್ಡಿ ಹೆಚ್ಚು, ಕೊಡುವ ಮೊತ್ತ ಕಡಿಮೆ. ನನ್ನ ಮನೆಗೆ ಬೆಲೆ ಕಟ್ಟುವವರು ಹನ್ನೊಂದು ಲಕ್ಷ ಎಂದರು. ಬ್ಯಾಂಕು ಅದರ ಅರ್ಧಕ್ಕಿಂತ ಮೇಲೆ ಹೋಗಲಿಲ್ಲ.

"ಪಾಯ ಹಾಕೋ ಮುಂಚೆ ಬಂದಿದ್ದರೆ ಮನೆಸಾಲವೇ ಆಗ್ತಿತ್ತಲ್ಲ ಸ್ವಾಮಿ" ಎಂದರು. ಕೆಲವು ಬ್ಯಾಂಕುಗಳು ಇತ್ತೀಚೆಗೆ ಕಟ್ಟಿದ ಮನೆಯ ಖರ್ಚನ್ನು ಮನೆಸಾಲವಾಗಿಯೇ ತುಂಬಿಕೊಡುವುದುಂಟು. ಅದಕ್ಕೆ ಸಿಮೆಂಟು, ಕಬ್ಬಿಣದ ಬಿಲ್ಲು ಬೇಕು. ನನ್ನ ಹತ್ತಿರ ಚೀಟಿಯಲ್ಲಿ ಬರೆದ ಲೆಕ್ಕ ಬಿಟ್ಟರೆ ಏನೂ ಇರಲಿಲ್ಲ.

ಹಳೇ ಮನೆ ಮಾರುವ ತನಕ ಅಂತಲೇ ಕೊಡುವ ಅಲ್ಪಾವಧಿ ಸಾಲವೂ ಇದೆ. ಬ್ಯಾಂಕಿನವರು ಅದಕ್ಕೆ ಬ್ರಿಡ್ಜ್ ಲೋನ್ ಅಂತಾರೆ. ಅದಕ್ಕೆ ಎರಡೂ ಮನೆಯ ಕಾಗದ ಚೊಕ್ಕವಾಗಿರಬೇಕು, ಹೇಳಿದ ಅವಧಿಯೊಳಗೆ ಹಳೇದು ಮಾರಲೇಬೇಕು. ತಾತನ ಹೆಸರಲ್ಲಿ ಖಾತೆ ಇಟ್ಟುಕೊಂಡ ನನ್ನಂಥವನಿಗೆ ಅದು ಹೊಂದುವುದಿಲ್ಲ.

ಕೇಳಿದ ಕಾಗದಗಳು

1. ಸೈಟಿನ ನೋಂದಾಯಿತ ಕ್ರಯಪತ್ರದ ಅಸಲು. ಹಿಂದಿನ ಮಾಲೀಕರಿಗೆ ಅದು ಹೇಗೆ ಬಂತು ಎಂಬ ಪತ್ರ ಕೂಡ.

2. ಪಂಚಾಯಿತಿಯ ಇ-ಸ್ವತ್ತು ಖಾತೆ. ಆಗ ನನ್ನನ್ನು ನಮೂನೆ 9 ಮತ್ತು 11ಎ ಕೇಳಿದರು. ನನ್ನ ಹತ್ತಿರ ಹಳೇ ಕಾಲದ ಕೈಬರಹದ ಖಾತೆ ನಕಲಿತ್ತು. ಅದು ನಡೆಯುವುದಿಲ್ಲ ಎಂದರು. ಅಳತೆ ಮಾಡಿಸಿ, ನಕ್ಷೆ ಬಂದು, ಇ-ಸ್ವತ್ತು ಕೈಗೆ ಸಿಗೋಕೆ ಎರಡೂವರೆ ತಿಂಗಳು ಹಿಡಿಯಿತು.

3. ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ. ಆಸ್ತಿ ಮೇಲೆ ಬೇರೆ ಸಾಲ, ಕ್ರಯ, ಕರಾರು ನೋಂದಣಿಯಾಗಿದ್ದರೆ ಇದರಲ್ಲಿ ಕಾಣುತ್ತದೆ.

4. ಪಂಚಾಯಿತಿಯ ಕಟ್ಟಡ ಪರವಾನಗಿ, ನಕ್ಷೆ, ಕಂದಾಯದ ರಸೀದಿ.

5. ಆದಾಯದ ಆಧಾರ. ರೈತನಿಗೆ ಸಂಬಳದ ಚೀಟಿ ಎಲ್ಲಿ ಬರಬೇಕು? ನನಗೆ ನೆರವಾದದ್ದು ಗೂಡಿನ ಮಾರುಕಟ್ಟೆಯ ಚೀಟಿಗಳು, ಡೇರಿಯ ಪಾಸ್ ಪುಸ್ತಕ, ದುಡ್ಡು ಬಿದ್ದ ಬ್ಯಾಂಕ್ ಖಾತೆಯ ವಿವರ. ಇವನ್ನು ಒಂದು ಫೈಲಿನಲ್ಲಿ ಜೋಡಿಸಿಡಿ. ಗೂಡು, ಹಾಲು, ಎಳನೀರು ಏನೇ ಮಾರಲಿ, ದುಡ್ಡು ಖಾತೆಗೇ ಬರಲಿ.

ತೋಟದಲ್ಲಿ ಮನೆ ಕಟ್ಟಿಕೊಂಡವರಿಗೆ ಒಂದು ಮಾತು. ಭೂಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿರುವ ಮನೆಗೆ ಇಂಥ ಅಡಮಾನ ಸಾಲ ಸಿಗುವುದು ಕಷ್ಟ. ಜಮೀನನ್ನೇ ಆಧಾರ ಕೊಡಿ ಎನ್ನುವವರು ಸಿಕ್ಕಾರು. ಅನ್ನ ಕೊಡುವ ಹೊಲವನ್ನು ಮನೆಯ ಸಾಲಕ್ಕೆ ಕಟ್ಟಿಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ನಾಳೆ ಬೆಳೆಸಾಲ ಬೇಕಾದಾಗ ಪಹಣಿಯ 11ನೇ ಕಲಮಿನಲ್ಲಿ ಈ ಋಣವೇ ಅಡ್ಡ ಕೂತಿರುತ್ತದೆ.

ಅಡಮಾನ ಹೇಗೆ ಆಗುತ್ತದೆ

ಬ್ಯಾಂಕಿನವರು ಮನೆಯನ್ನು ಬರೆಸಿಕೊಳ್ಳುವುದಿಲ್ಲ. ಅಸಲು ಪತ್ರಗಳನ್ನು ಸಾಲದ ಭದ್ರತೆಗೆಂದು ಒಪ್ಪಿಸುತ್ತೇವೆ. ಹಾಗೆ ಒಪ್ಪಿಸಿದ್ದಕ್ಕೆ ಒಂದು ಜ್ಞಾಪನಾ ಪತ್ರ ಆಗುತ್ತದೆ, ಬ್ಯಾಂಕಿನವರ ಬಾಯಲ್ಲಿ ಎಂ.ಒ.ಡಿ. ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿದೆ. ಪತ್ರ ಒಪ್ಪಿಸುವ ಜಾಗ ಸರ್ಕಾರ ಅಧಿಸೂಚಿಸಿದ ಪಟ್ಟಣ ಆಗಿರಬೇಕು. ಮನೆ ಮಾತ್ರ ಯಾವ ಹಳ್ಳಿಯಲ್ಲಿದ್ದರೂ ನಡೆಯುತ್ತದೆ. ಮುದ್ರಾಂಕ, ನೋಂದಣಿ, ವಕೀಲರ ಅಭಿಪ್ರಾಯ, ಬೆಲೆ ಕಟ್ಟುವವರ ಶುಲ್ಕ, ಬ್ಯಾಂಕಿನ ಶುಲ್ಕ ಎಲ್ಲ ಸೇರಿ ನನಗೆ ಹದಿನಾಲ್ಕು ಸಾವಿರ ತಗುಲಿತು. ದರಗಳು ಬದಲಾಗುತ್ತಿರುತ್ತವೆ. ಮೊದಲೇ ಪಟ್ಟಿ ಬರೆಸಿಕೊಳ್ಳಿ.

2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಬಡ್ಡಿ, ಶುಲ್ಕ, ಒಟ್ಟು ಹೊರೆ ತೋರಿಸುವ ಮುಖ್ಯಾಂಶಗಳ ಹಾಳೆಯನ್ನು ಬ್ಯಾಂಕು ಕೊಡಲೇಬೇಕು. ಸಹಿ ಹಾಕುವ ಮುಂಚೆ ಅದನ್ನು ಮನೆಗೆ ತಂದು, ಓದು ಬಲ್ಲ ಮಕ್ಕಳಿಂದ ಓದಿಸಿ. ಜೊತೆಗೆ ವಿಮೆ ಮಾಡಿಸಿ ಎಂದರೆ, ಯಾವುದು ಕಡ್ಡಾಯ, ಯಾವುದು ನಮ್ಮಿಷ್ಟ ಎಂದು ಬಿಡಿಸಿ ಕೇಳಿ.

ಕೈಸಾಲ, ಬ್ಯಾಂಕ್ ಸಾಲ: ಲೆಕ್ಕ ನೋಡಿ

2023ರ ಡಿಸೆಂಬರ್‌ನಲ್ಲಿ ನಾಲ್ಕು ಲಕ್ಷ ಮಂಜೂರಾಯಿತು. ವರ್ಷಕ್ಕೆ ನೂರಕ್ಕೆ ಹತ್ತೂವರೆ ಬಡ್ಡಿ, ಏಳು ವರ್ಷ. ಅಂದೇ ಕೈಸಾಲ ತೀರಿಸಿ ಪ್ರೋನೋಟು ಹರಿದು ಹಾಕಿಸಿದೆ.

ಕೈಸಾಲದಲ್ಲಿ: ತಿಂಗಳಿಗೆ 8,000 ರೂ. ಬಡ್ಡಿ. ಹದಿಮೂರು ತಿಂಗಳಿಗೆ 1,04,000 ಕಟ್ಟಿದ್ದೆ. ಅಸಲು ನಾಲ್ಕು ಲಕ್ಷ ಹಾಗೇ ಇತ್ತು.

ಬ್ಯಾಂಕಿನಲ್ಲಿ: ಅಸಲು ಬಡ್ಡಿ ಸೇರಿ ತಿಂಗಳ ಕಂತು ಸುಮಾರು 6,745 ರೂ. ಹದಿನೆಂಟು ಕಂತಿಗೆ ಕಟ್ಟಿದ್ದು ಸುಮಾರು 1,21,400. ಅಷ್ಟರಲ್ಲಿ ಅಸಲು ಸುಮಾರು 3,37,000ಕ್ಕೆ ಇಳಿದಿತ್ತು.

ಬರೀ ಬಡ್ಡಿಗೆ ಕೊಡುತ್ತಿದ್ದದ್ದಕ್ಕಿಂತ ಕಡಿಮೆ ದುಡ್ಡಿನಲ್ಲಿ ಅಸಲೂ ಕರಗುತ್ತಿತ್ತು. ಹತ್ತು ವರ್ಷ ತೆಗೆದುಕೊಂಡಿದ್ದರೆ ಕಂತು ಸುಮಾರು 5,400ಕ್ಕೆ ಇಳಿಯುತ್ತಿತ್ತು. ಆದರೆ ಒಟ್ಟು ಬಡ್ಡಿ ಹೆಚ್ಚುತ್ತಿತ್ತು.

ಕಂತು ಎಷ್ಟಿರಬೇಕು ಎಂದು ಗಂಡ ಹೆಂಡತಿ ಕೂತು ಲೆಕ್ಕ ಹಾಕಿದೆವು. ಹಳೇ ಮನೆ ಮಾರಾಟವೇ ಆಗುವುದಿಲ್ಲ ಎಂದಿಟ್ಟುಕೊಂಡೆವು. ವರ್ಷದಲ್ಲಿ ಒಂದು ಹುಳುವಿನ ಬೆಳೆ ಪೂರಾ ಹೋಗುತ್ತದೆ ಎಂದಿಟ್ಟುಕೊಂಡೆವು. ಆಗಲೂ ಹಾಲಿನ ದುಡ್ಡು, ಉಳಿದ ಗೂಡಿನ ದುಡ್ಡಲ್ಲಿ ಕಟ್ಟಲು ಆಗುವಷ್ಟು ಮಾತ್ರ ತೆಗೆದುಕೊಂಡೆವು. ಬ್ಯಾಂಕು ಐದು ಕೊಡುತ್ತೇನೆ ಅಂದಿದ್ದರೂ ನಾಲ್ಕೇ ಸಾಕು ಎಂದದ್ದು ನನ್ನ ಹೆಂಡತಿ. "ಬಾವಿ ಐತೆ ಅಂತ ಬೀಳಕ್ಕಾಯ್ತದಾ?" ಅಂದಳು.

ಇದು ಬೆಳೆಸಾಲ ಅಲ್ಲ

ಇದೊಂದು ಮಾತನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಬೇಕು. ಬೆಳೆಸಾಲದ ಅಭ್ಯಾಸದಲ್ಲಿ ಇದ್ದವರಿಗೆ ಅವಧಿ ಮುಂದೆ ಹಾಕುವುದು, ಮನ್ನಾ ಆಗುವುದು ಗೊತ್ತು. 2018ರ ಮನ್ನಾ ಬೆಳೆಸಾಲಕ್ಕೆ ಬಂದದ್ದು. ಮನೆ ಮೇಲಿನ ಸಾಲಕ್ಕೆ ಅಂಥದ್ದನ್ನು ಕಾಯಬಾರದು.

ಕಂತು ತೊಂಬತ್ತು ದಿನ ಮೀರಿ ಬಾಕಿ ಬಿದ್ದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಅರವತ್ತು ದಿನದ ನೋಟಿಸು ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿಗೆ ಅಧಿಕಾರವಿದೆ. ಕೃಷಿ ಜಮೀನಿಗೆ ಈ ಕಾಯ್ದೆ ತಗುಲುವುದಿಲ್ಲ, ಊರೊಳಗಿನ ಮನೆಗೆ ತಗುಲುತ್ತದೆ. ಒಂದು ಬೆಳೆ ಕೈಕೊಟ್ಟಿತು ಎನ್ನಿ, ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ ಮಾತಾಡಿ. ತಲೆ ತಪ್ಪಿಸಿಕೊಂಡು ಓಡಾಡಿದರೆ ಕೆಟ್ಟೆವು. ನಾನು ಯಾವಾಗಲೂ ಎರಡು ಕಂತಿನ ದುಡ್ಡನ್ನು ಮುಟ್ಟದೆ ಇಟ್ಟಿರುತ್ತೇನೆ.

ಹಳೇ ಮನೆ ಕೊನೆಗೆ ಹೇಗೆ ಹೋಯಿತು

ಸಾಲದ ಕತ್ತಿ ತಲೆ ಮೇಲಿಂದ ಸರಿದ ಮೇಲೆ ನಿಧಾನವಾಗಿ ಕಾಗದ ಸರಿಮಾಡಿದೆವು. ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ ಅರ್ಜಿ ಕೊಟ್ಟು, ನಾಲ್ಕೂ ಜನರ ಹೆಸರಿಗೆ ಖಾತೆ ತಂದೆವು. ಹಕ್ಕು ಬಿಡುಗಡೆ ಪತ್ರ ಬರೆದುಕೊಡಲು ತಂಗಿ ತಯಾರಿದ್ದಳು. ನಾನೇ ಬೇಡ ಎಂದೆ. ಅವಳಿಗೂ ಮಕ್ಕಳಿದ್ದಾರೆ.

2025ರ ಜೂನ್‌ನಲ್ಲಿ ನಮ್ಮ ಬೀದಿಯವರೇ ಒಂಬತ್ತು ಲಕ್ಷಕ್ಕೆ ತೆಗೆದುಕೊಂಡರು. ಮರ ಇರಲಿ, ಹಕ್ಕಿ ಬರಲಿ ಎಂದವರು. ನಾಲ್ಕು ಜನರೂ ಮದ್ದೂರಿಗೆ ಹೋಗಿ ಸಹಿ ಹಾಕಿದೆವು. ತಲಾ ಎರಡೂ ಕಾಲು ಲಕ್ಷ ಅವರವರ ಖಾತೆಗೇ ಬಂತು. ಅವಸರದಲ್ಲಿ ಮಾರಿದ್ದರೆ ಆರು ಏಳಕ್ಕೆ ಕೊಟ್ಟುಬಿಡುತ್ತಿದ್ದೆನೋ ಏನೋ.

ನನ್ನ ಪಾಲಿನಲ್ಲಿ ಎರಡು ಲಕ್ಷವನ್ನು ಸಾಲಕ್ಕೆ ಕಟ್ಟಿದೆ. ಅಸಲು ಸುಮಾರು 1,37,000ಕ್ಕೆ ಬಂತು. ಕಂತು ಅಷ್ಟೇ ಇರಲಿ, ಅವಧಿ ಇಳಿಸಿ ಎಂದು ಬರೆದುಕೊಟ್ಟೆ. ಉಳಿದಿದ್ದ ಅರವತ್ತಾರು ಕಂತು ಇಪ್ಪತ್ತಮೂರಕ್ಕೆ ಇಳಿಯಿತು. ಬಡ್ಡಿ ದರ ಏರಿಳಿಯುವ ರೀತಿಯ ಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಮನೆಸಾಲಕ್ಕೆ 2012ರಲ್ಲೂ ಇಂಥ ಇತರ ಸಾಲಗಳಿಗೆ 2014ರಲ್ಲೂ ಹೇಳಿದೆ. ವ್ಯಾಪಾರಕ್ಕೆ ಎಂದು ತೋರಿಸಿ ಸಾಲ ತೆಗೆದಿದ್ದರೆ ನಿಯಮ ಬೇರೆ, ಕೇಳಿ ತಿಳಿಯಿರಿ.

ಸಾಲ ಪೂರ್ತಿ ತೀರಿದ ಮೇಲೆ ಮೂವತ್ತು ದಿನದೊಳಗೆ ಅಸಲು ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ಐದು ಸಾವಿರ ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಪಡೆದ ಮೇಲೆ ಇ.ಸಿ. ತೆಗೆಸಿ, ಅಡಮಾನ ಬಿಡುಗಡೆಯಾದದ್ದು ಅದರಲ್ಲಿ ಬಂದಿದೆಯೇ ನೋಡಿ.

ತೆರಿಗೆ ಬಗ್ಗೆ ಒಂದು ಎಚ್ಚರಿಕೆ. ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಮನೆ ಮಾರಿದ ಲಾಭಕ್ಕೆ ಉಂಟು. ಆ ಲಾಭವನ್ನು ಬೇರೆ ಮನೆಗೆ ಹಾಕಿದರೆ ವಿನಾಯಿತಿ ಇದೆ. ಆದರೆ ಕೊಂಡ ಮನೆಯಾದರೆ ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದ ಒಳಗೆ ಕೊಂಡಿರಬೇಕು. ಕಟ್ಟಿದ ಮನೆಯಾದರೆ ಮಾರಿದ ಮೇಲೆ ಮೂರು ವರ್ಷದೊಳಗೆ ಕಟ್ಟಿ ಮುಗಿಸಿರಬೇಕು. ನನ್ನ ಹಾಗೆ ಮೊದಲೇ ಕಟ್ಟಿ ಮುಗಿಸಿದರೆ ಆ ವಿನಾಯಿತಿ ಕೈತಪ್ಪಬಹುದು. ನನ್ನ ಪಾಲು ಸಣ್ಣದು, ತೊಂದರೆ ಆಗಲಿಲ್ಲ. ದೊಡ್ಡ ಮೊತ್ತ ಇದ್ದವರು ಪಾಯ ಹಾಕುವ ಮುಂಚೆ ಆಡಿಟರನ್ನು ಕೇಳಿ.

ಕಟ್ಟುವವರಿಗೆ ನನ್ನ ಸಲಹೆ

• ಮೊದಲು ಕಾಗದ, ಆಮೇಲೆ ಪಾಯ. ಇ-ಸ್ವತ್ತು, ಪರವಾನಗಿ, ಇ.ಸಿ. ಕೈಲಿ ಹಿಡಿದು ಕಟ್ಟುವ ಮುಂಚೆಯೇ ಮನೆಸಾಲ ಕೇಳಿ.

• ಹಳೇ ಮನೆಯ ಬೆಲೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಕ್ರಯ ನೋಂದಣಿಯಾಗಿ ದುಡ್ಡು ಖಾತೆಗೆ ಬಿದ್ದ ಮೇಲೆ ಮಾತ್ರ ಅದು ನಮ್ಮ ದುಡ್ಡು. ಅದೂ ನಮ್ಮ ಪಾಲಿನಷ್ಟು.

• ಮುಂಗಡದ ದುಡ್ಡು ಖರ್ಚು ಮಾಡಬೇಡಿ.

• ಎಲ್ಲ ಬಿಲ್ಲು ಇಟ್ಟುಕೊಳ್ಳಿ.

• ಅಕ್ಕತಂಗಿಯರು, ಅಣ್ಣತಮ್ಮಂದಿರ ಹತ್ತಿರ ಮೊದಲು ಮಾತಾಡಿ. ಗಿರಾಕಿ ಹತ್ತಿರ ಆಮೇಲೆ.

ಇದು ನನ್ನೊಬ್ಬನ ಅನುಭವ. ಒಂದೊಂದು ಬ್ಯಾಂಕಿನ ಪದ್ಧತಿ ಒಂದೊಂದು ಥರ. ಸಹಕಾರಿ ಬ್ಯಾಂಕುಗಳಲ್ಲಿ, ಬೇರೆ ತಾಲ್ಲೂಕುಗಳಲ್ಲಿ ಇಂಥ ಸಾಲ ಪಡೆದವರು ತಮ್ಮ ಲೆಕ್ಕ ಬರೆದು ಕಳಿಸಿದರೆ ನಮ್ಮಂಥವರಿಗೆ ಉಪಕಾರ. ಮನೆ ಕಟ್ಟಲು ಹೊರಟ ಯಾರಾದರೂ ಒಬ್ಬರು ಇದನ್ನು ಓದಿ ಎರಡು ರೂಪಾಯಿ ಬಡ್ಡಿಯಿಂದ ತಪ್ಪಿಸಿಕೊಂಡರೆ, ನಾನು ಕಟ್ಟಿದ ಒಂದು ಲಕ್ಷದ ನಾಲ್ಕು ಸಾವಿರಕ್ಕೆ ಅಷ್ಟಾದರೂ ಬೆಲೆ ಬಂದ ಹಾಗಾಯಿತು.